ಕ್ಯೂ ರಿಪೇರಿಗೆ ಯಾವ ಚಿಕ್ಕ ಲೇತ್? ಮೋಟ್ರು ಆಮೇಲೆ ನೋಡಿ, ಮೊದ್ಲು ತೂತು ಅಳೀರಿ

"ಅಣ್ಣ, ಟಿಪ್ ಹಾಕೋಕೆ ಒಂದು ಚಿಕ್ಕ ಲೇತ್ ತಗೋಬೇಕು ಅಂತಿದೀನಿ, ಯಾವ್ದು ತಗೊಳ್ಲಿ?" ಈ ಪ್ರಶ್ನೆನ ತಿಂಗಳಿಗೆ ಒಬ್ರಾದ್ರೂ ಕೇಳ್ತಾರೆ. ಟಿಪ್ ಅಂದ್ರೆ ಸ್ನೂಕರ್, ಪೂಲ್ ಆಡೋ ಸ್ಟಿಕ್ಕಿನ (ಅದೇ ಕ್ಯೂ) ತುದೀಲಿರೋ ಚರ್ಮದ ಬಿಲ್ಲೆ, ಲೇತ್ ಅಂದ್ರೆ ಸಾಮಾನನ್ನ ತಿರುಗಿಸಿ ಕತ್ತರಿಸೋ ಮಷೀನ್. ಕೇಳೋರು ಮೂರು ಥರ. ಒಬ್ರು ತಮ್ಮ ಎರಡು ಸ್ಟಿಕ್ಕನ್ನ ತಾವೇ ನೋಡ್ಕೋಬೇಕು ಅನ್ನೋ ಆಟಗಾರರು. ಇನ್ನೊಬ್ರು ಸ್ನೂಕರ್ ಪಾರ್ಲರ್ ಇಟ್ಕೊಂಡು, ಹೌಸ್ ಕ್ಯೂಗಳ, ಅಂದ್ರೆ ಗಿರಾಕಿಗಳಿಗೆ ಆಡೋಕೆ ಕೊಡೋ ಸ್ಟಿಕ್ಕುಗಳ ಟಿಪ್ ಹಾರಿಹೋಗಿ ಹೋಗಿ ಬೇಸತ್ತಿರೋರು. ಮೂರನೆಯವ್ರು ಕ್ಲಬ್ಬಲ್ಲಿ ಮಾರ್ಕರ್ (ಟೇಬಲ್ ನೋಡ್ಕೊಂಡು ಸ್ಕೋರ್ ಬರೆಯೋರು) ಆಗಿದ್ದು, ಕೈಯಲ್ಲೇ ನೂರಾರು ಟಿಪ್ ಹಾಕಿ, ಈಗ ಇದನ್ನೇ ಕಸುಬು ಮಾಡ್ಕೊಳ್ಳೋಣ ಅಂತ ಹೊರಟಿರೋರು. ಮೂವರಿಗೂ ಒಂದೇ ಮಷೀನ್ ಹೇಳಿದ್ರೆ ಇಬ್ಬರ ದುಡ್ಡು ನೀರಿಗೆ ಹಾಕ್ದಂಗೆ.

ನಾನು ಬೆಂಗಳೂರಲ್ಲಿ ಮನೆಯ ಕಾರ್ ಶೆಡ್‌ನಲ್ಲಿ ಈ ಕೆಲಸ ಮಾಡ್ತೀನಿ. ನಮ್ಮ ಕಡೆ ಸ್ನೂಕರ್ ಸ್ಟಿಕ್ ಬರತ್ತೆ, ಪೂಲ್ ಸ್ಟಿಕ್ಕೂ ಬರತ್ತೆ, ಎರಡೂ ಒಂದೇ ಮಷೀನ್ ಮೇಲೆ ಕೂರಬೇಕು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅಮೆರಿಕದವರ ವಿಡಿಯೋ ನೋಡಿ ಮಷೀನ್ ಆರಿಸೋರು ಬರೀ ಪೂಲ್ ಕ್ಯೂ ಲೆಕ್ಕ ಹಾಕಿರ್ತಾರೆ, ಮನೆಗೆ ತಂದ್ಮೇಲೆ ಮೊದಲ ಗಿರಾಕಿ ಒನ್ ಪೀಸ್, ಅಂದ್ರೆ ಜಾಯಿಂಟೇ ಇಲ್ಲದ ಸ್ನೂಕರ್ ಕ್ಯೂ ಹಿಡ್ಕೊಂಡು ಬಂದು ನಿಂತಾಗ ಮಷೀನ್ ಹಿಂದೆ ಗೋಡೆ ಇರತ್ತೆ.

ಹಂಗಾಗಿ ಮೊದ್ಲು ಸ್ಟಿಕ್ಕಿನ ಅಳತೆ. ಪೂಲ್ ಕ್ಯೂ ಸಾಮಾನ್ಯವಾಗಿ 58 ಇಂಚು, ನಡುಮಧ್ಯ ಜಾಯಿಂಟ್, ಅಂದ್ರೆ ಮುಂದಿನ ಅರ್ಧ ಶಾಫ್ಟ್ 29, ಹಿಂದಿನ ದಪ್ಪ ಅರ್ಧ ಬಟ್ 29. ಟಿಪ್ ಹತ್ರ 12ರಿಂದ 13 ಎಂಎಂ, ಜಾಯಿಂಟ್ ಹತ್ರ 21-22, ಬಟ್‌ನ ತುದೀಲಿ 32ರ ಆಸುಪಾಸು. ಸ್ನೂಕರ್ ಕ್ಯೂ ಇನ್ನೂ ಸಪೂರ, ಟಿಪ್ 9ರಿಂದ 10 ಎಂಎಂ, ಹಿತ್ತಾಳೆ ಫೆರೂಲ್ (ಟಿಪ್ ಕೂರೋ ಬಳೆ), ಬಟ್ ತುದಿ 29 ಎಂಎಂ ಹತ್ರ. ಆದ್ರೆ ಮುಕ್ಕಾಲು ಜಾಯಿಂಟ್ ಸ್ಟಿಕ್ (ಹಿಂದಿನ ಕಾಲು ಭಾಗ ಬಿಚ್ಚೋದು) ಆದ್ರೆ ಮುಂದಿನ ಪೀಸೇ ಮೂರೂವರೆ ಅಡಿ ಇರತ್ತೆ, ಒನ್ ಪೀಸ್ ಆದ್ರೆ ಹತ್ರ ಹತ್ರ ಐದಡಿ. ಈ ಅಳತೆಗಳನ್ನ ಒಂದು ಚೀಟೀಲಿ ಬರ್ಕೊಂಡು ಜೇಬಲ್ಲಿ ಇಟ್ಕೊಳ್ಳಿ, ಅಂಗಡೀಲಿ ಬೇಕಾಗತ್ತೆ.

ಈಗ ಏನೇನು ನೋಡ್ಬೇಕು ಅನ್ನೋದು. ಎಲ್ಲಕ್ಕಿಂತ ಮೊದ್ಲು ಸ್ಪಿಂಡಲ್ ಬೋರ್, ಅಂದ್ರೆ ಹೆಡ್‌ಸ್ಟಾಕ್ (ಮಷೀನಿನ ಎಡಗಡೆ, ತಿರುಗೋ ಸ್ಪಿಂಡಲ್ ಇರೋ ತಲೆ) ಒಳಗೆ ಆಚೆಯಿಂದ ಈಚೆ ಹೋಗೋ ತೂತು. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ) ಎಷ್ಟು, ಮೋಟ್ರು ಎಷ್ಟು ವ್ಯಾಟ್ ಅಂತ ಹಾಕಿರ್ತಾರೆ, ನಮ್ಮ ಕೆಲಸಕ್ಕೆ ಅವೆರಡೂ ಕೊನೇ ಸಾಲಲ್ಲಿ ಬರೋ ವಿಷಯ. ನಾವು ತಿರುಗಿಸೋದು ಹೆಬ್ಬೆರಳು ಗಾತ್ರದ ಮರ, ಕತ್ತರಿಸೋದು ಚರ್ಮ, ಹೆಚ್ಚಂದ್ರೆ ಹಿತ್ತಾಳೆ. ಅದಕ್ಕೆ ಶಕ್ತಿ ಬೇಕಾಗಿಲ್ಲ, ಸ್ಟಿಕ್ಕನ್ನ ಸರಿಯಾಗಿ ಹಿಡ್ಕೊಳ್ಳೋದು ಬೇಕು. ಸ್ಟಿಕ್ ಉದ್ದ, ಮಷೀನ್ ಗಿಡ್ಡ, ಹಂಗಾಗಿ ಸ್ಟಿಕ್ ಆ ತೂತಿನ ಮೂಲಕ ಹಾದು ಹಿಂದೆ ಹೋಗ್ಬೇಕು, ಬೇರೆ ದಾರಿ ಇಲ್ಲ.

ಎರಡನೇದು ಔಟ್, ಅಂದ್ರೆ ತಿರುಗೋವಾಗ ಜಾಬ್ (ಮಷೀನ್ ಹಿಡಿದಿರೋ ಸ್ಟಿಕ್) ಎಷ್ಟು ಓಲಾಡತ್ತೆ ಅನ್ನೋದು. ಟಿಪ್ ಟ್ರಿಮ್ ಮಾಡೋವಾಗ ಸ್ಟಿಕ್ ಔಟ್ ಇದ್ರೆ ಟೂಲ್ ಒಂದು ಕಡೆ ಫೆರೂಲನ್ನ ಕಚ್ಚತ್ತೆ, ಇನ್ನೊಂದು ಕಡೆ ಚರ್ಮ ಹಂಗೇ ಹೊರಗೆ ಉಳಿಯತ್ತೆ. ನನ್ನ ಅನುಭವದಲ್ಲಿ ಟಿಪ್ ಕೆಲಸಕ್ಕೆ 0.05 ಎಂಎಂ ಒಳಗಿದ್ರೆ ನೆಮ್ಮದಿ. ಜಾಯಿಂಟ್ ಸ್ಕ್ರೂ ಕೆಲಸಕ್ಕೆ 0.02 ಒಳಗೆ ಬರಲೇಬೇಕು, ಯಾಕಂದ್ರೆ ಅಲ್ಲಿ ಕೂದಲೆಳೆ ವ್ಯತ್ಯಾಸ ಆದ್ರೂ ಎರಡು ಪೀಸ್ ಜೋಡಿಸಿ ಟೇಬಲ್ ಮೇಲೆ ಉರುಳಿಸಿದಾಗ ಟಿಪ್ ಕಡೆ ಎದ್ದು ಕಾಣತ್ತೆ.

ಮೂರನೇದು ಹಿಂದಿನ ಆಸರೆ. ಇದನ್ನ ಯಾರೂ ಕೇಳಲ್ಲ, ಆದ್ರೆ ಪೆಟ್ಟು ಬೀಳೋದು ಇಲ್ಲೇ. ಶುರುವಿನ ದಿನಗಳಲ್ಲಿ ನಾನೊಂದು ಶಾಫ್ಟ್ ಹಾಕಿ, ಹಿಂದೆ ಎರಡಡಿ ಹೊರಗಿದ್ರೂ ಏನಾಗತ್ತೆ ಅಂತ ಸ್ಪೀಡ್ ಏರಿಸಿದೆ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಅದು ಚಾಟಿ ಥರ ಬಾಗಿ ಬೀಸಿ ಲಟಕ್ ಅಂತ ಮುರೀತು. ಗಿರಾಕಿಯ ಶಾಫ್ಟ್ ಅದು, ದುಡ್ಡು ಕಟ್ಟಿಕೊಟ್ಟೆ. ಪಕ್ಕದಲ್ಲಿ ಯಾರಾದ್ರೂ ನಿಂತಿದ್ರೆ ಅಂತ ಈಗ್ಲೂ ಎದೆ ಧಸಕ್ ಅನ್ನತ್ತೆ. ಸ್ಪಿಂಡಲ್ ಹಿಂಬದಿ ಮೂರು ಸ್ಕ್ರೂ ಇರೋ ರಿಂಗ್ ಅಥವಾ ನೈಲಾನ್ ಬುಷ್, ಅದರಿಂದಾಚೆ ಒಂದು ಸ್ಟ್ಯಾಂಡು, ಎರಡೂ ಇಲ್ದೆ ಸ್ವಿಚ್ ಒತ್ತಬೇಡಿ.

ನಾಲ್ಕನೇದು ಸ್ಪೀಡ್. ನಿಧಾನಕ್ಕೆ, ನಿಮಿಷಕ್ಕೆ 100-200 ಸುತ್ತಲ್ಲಿ ಜರ್ಕ್ ಇಲ್ಲದೆ ತಿರುಗಬೇಕು, ಟ್ರಿಮ್ ಮಾಡೋಕೆ 800-1000 ಸಾಕು, ನಾನಂತೂ ಅದಕ್ಕಿಂತ ಮೇಲೆ ಹೋಗೋದು ಅಪರೂಪ. ಇನ್ನು ಬೆಡ್ (ಟೂಲ್ ಓಡಾಡೋ ಮಷೀನಿನ ತಳ) ಉದ್ದ, ತೂಕ, ಜಾಗ, ಶಬ್ದ, ಕರೆಂಟು, ಇವು ನಿಮ್ಮ ಮನೆ ನೋಡಿ ಹೇಳೋ ಮಾತು.

ಸರಿ, ಈಗ ಒಂದೊಂದೇ ನೋಡೋಣ.

ಲೇತೇ ಬೇಡ ಅನ್ನೋದೂ ಒಂದು ಆಯ್ಕೆ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನಿಮ್ಮ ಹತ್ರ ಎರಡು ಸ್ಟಿಕ್ ಇದ್ದು ವರ್ಷಕ್ಕೆ ಮೂರ್ನಾಲ್ಕು ಟಿಪ್ ಬದಲಾಯಿಸ್ತೀರಿ ಅಂದ್ರೆ ಒಳ್ಳೆ ಬ್ಲೇಡು, ಫೆರೂಲ್ ತುದಿ ನೇರ ಮಾಡೋ ಸ್ಯಾಂಡರ್, ಟಿಪ್ ಕ್ಲಾಂಪ್, ಶೇಪರ್, ಜೆಲ್ ಥರದ ಸೂಪರ್ ಗ್ಲೂ ಇಷ್ಟೇ ಸಾಕು. ಎಲ್ಕ್ ಮಾಸ್ಟರ್ ಥರದ ಒಂದೇ ತುಂಡಿನ ಟಿಪ್ಪಂತೂ ಕೈಯಲ್ಲೇ ಚೆನ್ನಾಗಿ ಕೂರತ್ತೆ, ನಮ್ಮ ಕ್ಲಬ್ ಮಾರ್ಕರ್‌ಗಳು ತಲೆಮಾರುಗಳಿಂದ ಹಂಗೇ ಮಾಡ್ಕೊಂಡು ಬಂದಿರೋದು. ಪದರ ಪದರದ ಟಿಪ್, ಅಂದ್ರೆ ಕಮುಯಿ, ಮೂರಿ ಥರದ್ದು, ಬ್ಲೇಡಿಗೆ ಸ್ವಲ್ಪ ಸತಾಯಿಸತ್ತೆ, ಬ್ಲೇಡು ಮೊಂಡಾಗಿದ್ರೆ ಪದರ ಬಿಚ್ಕೊಳ್ಳತ್ತೆ. ಕೈಯಲ್ಲಿ ಆಗದೇ ಇರೋದು ಫೆರೂಲ್ ಬದಲಾಯಿಸೋದು. ಹಳೇದನ್ನ ಒಡೆದು ತೆಗೀಬಹುದು, ಹೊಸದರ ಒಳಗೆ ಕೂರೋ ಮರದ ಮೂತೀನ ಅಳತೆಗೆ ಗುಂಡಗೆ ತರೋದು ಕೈಗೆ ಆಗೋ ಮಾತಲ್ಲ. ಡ್ರಿಲ್ ಮಷೀನಿಗೆ ಸ್ಟಿಕ್ ಸಿಗಿಸಿ ತಿರುಗಿಸೋ ಉಪಾಯ ನೋಡಿರ್ತೀರಿ, ಶಾಫ್ಟ್ ಒರೆಸಿ ಪಾಲಿಶ್ ಮಾಡೋಕೆ ಪರವಾಗಿಲ್ಲ, ಕತ್ತರಿಸೋ ಕೆಲಸಕ್ಕೆ ಬೇಡ.

ಮುಂದೆ ಷರ್ಲೈನ್, ಟೈಗ್ ಥರದ ಪುಟ್ಟ ಲೇತ್‌ಗಳು. ಅಮೆರಿಕದಲ್ಲಿ ಮಾಡೋವು, ತುಂಬ ಚೊಕ್ಕ ಕೆಲಸ, ಒಂದು ಮೇಜಿನ ಮೂಲೇಲಿ ಕೂರತ್ತೆ, ಎತ್ತಿ ಬೀರುವಿನಲ್ಲಿ ಇಡಬಹುದು. ಆದ್ರೆ ತೂತು ನೋಡಿ, ಷರ್ಲೈನ್‌ದು 10 ಎಂಎಂ ಚಿಲ್ಲರೆ, ಟೈಗ್‌ದು 9 ಕೂಡ ಇಲ್ಲ. ಪೂಲ್ ಶಾಫ್ಟ್ 13 ಎಂಎಂ, ಹೋಗಲ್ಲ. ಸ್ನೂಕರ್ ಟಿಪ್ ಷರ್ಲೈನ್ ಬಾಯಿಗೆ ಹೋಗಬಹುದು, ಒಂದೆರಡು ಇಂಚಿಗೆ ಸಿಕ್ಕಾಕ್ಕೊಳ್ಳತ್ತೆ. ಸ್ಟೆಡಿ (ಉದ್ದದ ಸ್ಟಿಕ್ಕಿಗೆ ಮಧ್ಯೆ ಆಸರೆ ಕೊಡೋ ಚೌಕಟ್ಟು) ಕಟ್ಟಿ, ಬೆಡ್ ಉದ್ದ ಮಾಡಿ, ಹೆಡ್‌ಸ್ಟಾಕ್ ಬದಲಾಯಿಸಿ ಇದರ ಮೇಲೇ ಕ್ಯೂ ಕೆಲಸ ಮಾಡೋರು ಇದಾರೆ, ಆದ್ರೆ ಅವರಿಗೆ ಮಷೀನ್ ಕೆಲಸ ಮೊದ್ಲೇ ಗೊತ್ತು. ಹೊಸದಾಗಿ ಶುರು ಮಾಡೋರು ಇದನ್ನ ತಗೋಬೇಡಿ. ಫೆರೂಲ್, ಕಾಲರ್ (ಜಾಯಿಂಟ್ ಹತ್ರದ ಬಳೆ), ಜಾಯಿಂಟ್ ಪ್ರೊಟೆಕ್ಟರ್ ಥರದ ಬಿಡಿಭಾಗ ಮಾಡೋಕೆ ಎರಡನೇ ಮಷೀನ್ ಆಗಿ ಬಂಗಾರ.

ಮರದ ಲೇತ್ ಬಗ್ಗೆನೂ ಕೇಳ್ತಾರೆ, ಕ್ಯೂ ಮರದ್ದಲ್ವಾ ಅಂತ. ನಮ್ಮ ಚನ್ನಪಟ್ಟಣದವರು ಲೇತ್ ಮೇಲೆ ಕೈ ಉಳಿ ಹಿಡಿದು ಎಂಥ ಗುಂಡಗಿನ ಗೊಂಬೆ ತೆಗೀತಾರೆ, ಆ ಕೈ ನನಗಿಲ್ಲ, ಬಹುಶಃ ನಿಮಗೂ ಇಲ್ಲ. ಮರದ ಲೇತ್‌ನಲ್ಲಿ ಟೂಲ್‌ನ ಅಳತೆ ಪ್ರಕಾರ ನಡೆಸೋ ಕ್ಯಾರೇಜ್ ಇರಲ್ಲ, ಉಳಿ ಕೈಯಲ್ಲೇ ಇರತ್ತೆ, ಫೆರೂಲ್ ತುದಿ ಲಂಬವಾಗಿ ಫೇಸ್ ಮಾಡೋಕೆ, ಅಂದ್ರೆ ಸಪಾಟು ಮಾಡೋಕೆ, ಅದು ಆಗಲ್ಲ. ತೂತೂ ಸಾಮಾನ್ಯವಾಗಿ ಬೆರಳು ಗಾತ್ರಕ್ಕಿಂತ ಚಿಕ್ಕದು. ಬಿಟ್ಬಿಡಿ.

ಈಗ ಬಹಳ ಜನ ಕೊನೆಗೆ ಬಂದು ನಿಲ್ಲೋ ಮಷೀನ್, 180 ಎಂಎಂ ಸ್ವಿಂಗ್ ಮಿನಿ ಲೇತ್, ಇಂಗ್ಲಿಷ್ ಅಳತೇಲಿ 7 ಬೈ 12, 7 ಬೈ 14 ಅಂತಾರಲ್ಲ ಅದು. ಚೀನಾದಲ್ಲಿ ತಯಾರಾಗಿ ಹತ್ತಾರು ಹೆಸರಲ್ಲಿ ಬರತ್ತೆ, ಬಣ್ಣ ಬೇರೆ, ಎಲುಬು ಒಂದೇ. 40 ಕೇಜಿ ಹತ್ರ ತೂಕ, ಇಬ್ರು ಎತ್ತಬಹುದು, ಮನೆಯ ಮಾಮೂಲಿ ಪ್ಲಗ್ಗಿಗೆ ಸಿಗಿಸಬಹುದು, ಅರ್ಥಿಂಗ್ ಮಾತ್ರ ಸರಿ ಇದ್ಯಾ ನೋಡ್ಕೊಳ್ಳಿ. ಸ್ಪೀಡ್ ನಾಬ್ ತಿರುಗಿಸಿದ್ರೆ ಏರಿಳಿಯತ್ತೆ. ಬೋರ್ 20 ಎಂಎಂ.

ಈ 20ಕ್ಕೆ ಏನು ಸಿಗತ್ತೆ, ಏನು ಸಿಗಲ್ಲ ಅನ್ನೋದನ್ನ ನಿಧಾನಕ್ಕೆ ನೋಡಿ, ಇಡೀ ನಿರ್ಧಾರ ಇದರ ಮೇಲೇ ನಿಂತಿದೆ. ಪೂಲ್ ಶಾಫ್ಟನ್ನ ಹಿಂದಿನಿಂದ ಟಿಪ್ ಮುಂದಾಗಿ ತೂರಿಸಿದ್ರೆ ಚಕ್ (ಸ್ಟಿಕ್ಕನ್ನ ಹಿಡಿಯೋ ಮೂತಿ) ಆಚೆ ಟಿಪ್ ಬರತ್ತೆ, ದಪ್ಪಗಿರೋ ಜಾಯಿಂಟ್ ಕಡೆ ಮಷೀನ್ ಹಿಂದೆ ಹೊರಗೇ ಉಳಿಯತ್ತೆ, ತೊಂದರೆ ಇಲ್ಲ. ಸ್ನೂಕರ್ ಸ್ಟಿಕ್ಕೂ ಹಂಗೇ, ಮುಂದಿನ ಒಂದೂಕಾಲು ಅಡಿ ಎಲ್ಲೂ 20 ದಾಟಲ್ಲ, ಒನ್ ಪೀಸ್ ಆದ್ರೂ ಕೂರತ್ತೆ, ಹಿಂದೆ ಜಾಗ ಇರಬೇಕಷ್ಟೆ. ಶಾಫ್ಟ್‌ನ ಜಾಯಿಂಟ್ ಕಡೆ ಕೆಲಸ ಇದ್ರೆ ಮುಂದಿನಿಂದ ಟಿಪ್ ಒಳಗೆ ಬಿಟ್ಟು, ಜಾಯಿಂಟ್ ಹತ್ರದ ದಪ್ಪ ಭಾಗ ಚಕ್ ಮುಂದೆ ಉಳಿಯೋ ಹಾಗೆ ಹಿಡೀಬಹುದು. ಅಂದ್ರೆ ಪೂಲ್ ಶಾಫ್ಟ್‌ನ ಎರಡೂ ತುದಿ 20 ಬೋರ್‌ಗೆ ಸಿಕ್ತು. ಸಿಗದೇ ಇರೋದು ಬಟ್. ಜಾಯಿಂಟ್ ಹತ್ರಾನೇ 21-22 ಇರೋ ಬಟ್ ಆ ತೂತಿಗೆ ಮೂತೀನೂ ಹಾಕಲ್ಲ. ಬಟ್‌ನ ಪಿನ್ (ಜಾಯಿಂಟ್ ಸ್ಕ್ರೂ) ಬದಲಾಯಿಸೋದು, ಕಾಲರ್ ಹಾಕೋದು, ಹಿಂದಿನ ಕ್ಯಾಪ್ ಕೂರಿಸೋದು ಇವೆಲ್ಲ ಇದರಲ್ಲಿ ಆಗಲ್ಲ ಅಂತಾನೇ ತಿಳ್ಕೊಳ್ಳಿ, ಸೆಂಟರ್‌ಗಳ (ಎರಡೂ ತುದಿ ಹಿಡಿಯೋ ಮೊನೆಗಳ) ಮಧ್ಯೆ ಸಿಗೋದು ಹೆಚ್ಚಂದ್ರೆ 350 ಎಂಎಂ, 29 ಇಂಚಿನ ಬಟ್ಟನ್ನ ಅಲ್ಲಿ ಹಿಡಿಯೋಕೂ ಬರಲ್ಲ.

ಮಿನಿ ಲೇತ್ ಜೊತೆ ಬರೋ ಮೂರು ಜಾ (ದವಡೆ) ಚಕ್ ಬಗ್ಗೆ ಒಂದು ಮಾತು. ಅದರ ಔಟ್ 0.05ರಿಂದ 0.1 ಎಂಎಂವರೆಗೂ ಇರಬಹುದು, ಕಬ್ಬಿಣದ ಜಾ ಮೇಪಲ್ ಮರವನ್ನ ಹಲ್ಲಿಟ್ಟಂಗೆ ಕಚ್ಚತ್ತೆ ಬೇರೆ. ಇದಕ್ಕೆ ಅಂತ ಕೆಲವರು ಈಆರ್32 ಕಾಲೆಟ್ (ಸುತ್ತಲೂ ಸಮನಾಗಿ ಅಮುಕಿ ಹಿಡಿಯೋ ಸೀಳು ಬುಷ್) ಚಕ್ ತಗೊಳ್ತಾರೆ, ಒಳ್ಳೇದೇ, 20 ಎಂಎಂವರೆಗೂ ಹಿಡಿಯತ್ತೆ. ಆದ್ರೆ ಅದರಲ್ಲಿ ಎರಡು ಥರ ಇದೆ, ಸ್ಪಿಂಡಲ್ ಒಳಗೆ ಶ್ಯಾಂಕ್ (ಹಿಂದಿನ ಬಾಲ) ತೂರಿಸಿ ಕೂರೋದು ಒಂದು, ಚಕ್ ಜಾಗದಲ್ಲಿ ಫ್ಲೇಂಜ್‌ಗೆ ಬೋಲ್ಟ್ ಆಗೋದು ಇನ್ನೊಂದು. ಶ್ಯಾಂಕ್ ಇರೋದನ್ನ ತಗೊಂಡ್ರೆ ನಮಗೆ ಬೇಕಾದ ತೂತೇ ಮುಚ್ಚಿಹೋಗತ್ತೆ. ಫ್ಲೇಂಜ್‌ದೇ ಕೇಳಿ ತಗೊಳ್ಳಿ. ನಾನು ಮಾಡೋದು ಇನ್ನೂ ಸುಲಭ. ನೈಲಾನ್ ಅಥವಾ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ರಾಡ್ ತುಂಡನ್ನ ನನ್ನ ಚಕ್‌ನಲ್ಲೇ ಹಿಡಿದು, ಹೊರಗಡೆ ಟರ್ನ್ ಮಾಡಿ, ಒಳಗೆ ಶಾಫ್ಟ್ ಅಳತೆಗೆ ಬೋರ್ ಮಾಡಿ, ಒಂದನೇ ಜಾ ಎಲ್ಲಿತ್ತು ಅಂತ ಗುರುತು ಹಾಕಿ, ಆಮೇಲೆ ಹ್ಯಾಕ್ಸಾದಲ್ಲಿ ಒಂದು ಸೀಳು ಕೊಟ್ಟರೆ ಕಾಲೆಟ್ ರೆಡಿ. ಅದೇ ಚಕ್ಕಲ್ಲಿ ಬೋರ್ ಮಾಡಿರೋದ್ರಿಂದ ಚಕ್‌ನ ಔಟ್ ಬಹುಪಾಲು ಅಲ್ಲೇ ತೀರಿಹೋಗತ್ತೆ, ಗುರುತು ನೋಡಿ ಅದೇ ಜಾ ಕೆಳಗೆ ಇಟ್ಟರೆ ಸಾಕು. ಮರಕ್ಕೆ ಒಂದು ಗೆರೇನೂ ಬೀಳಲ್ಲ. ಶಾಫ್ಟ್ ಟೇಪರ್ ಇರೋ (ಸಪೂರ ಆಗ್ತಾ ಹೋಗೋ) ಕಡೆ ಎರಡು ಸುತ್ತು ಮಾಸ್ಕಿಂಗ್ ಟೇಪ್. ನನ್ನ ಹತ್ರ ಇಂಥವು ಒಂದು ಡಬ್ಬಿ ತುಂಬ ಇವೆ, 9 ಎಂಎಂನಿಂದ ಅರ್ಧರ್ಧ ಎಂಎಂ ಏರಿಸ್ತಾ.

ಸ್ಟೆಡಿನೂ ಹಂಗೇ. ಅದರ ಹಿತ್ತಾಳೆ ಬೆರಳು ತಿರುಗೋ ಮರಕ್ಕೆ ಉಜ್ಜಿ ಕಪ್ಪು ಪಟ್ಟಿ ಎಳೆಯತ್ತೆ. ಬೆರಳ ತುದಿಗೆ 608 ನಂಬರ್ ಬೇರಿಂಗ್, ಸ್ಕೇಟಿಂಗ್ ಚಕ್ರದಲ್ಲಿ ಇರತ್ತಲ್ಲ ಅದೇ, ಹಾಕಿ ಮೇಲೆ ರಬ್ಬರ್ ಟ್ಯೂಬ್ ಏರಿಸಿ.

ಮಿನಿ ಲೇತ್ ದುಡ್ಡಿನ ಮಾತು ಅಂದ್ರೆ ಲಕ್ಷದ ಆಸುಪಾಸು ಅಂದ್ಕೊಂಡು ಹೊರಡಿ, ಬ್ರ್ಯಾಂಡು, ಬಿಡಿಭಾಗದ ಮೇಲೆ ಹೆಚ್ಚುಕಮ್ಮಿ. ಅದರ ಮೇಲೆ ಟೂಲು, ಡಯಲ್ ಗೇಜು (ಓಲಾಟ ಅಳೆಯೋ ಮುಳ್ಳಿನ ಮೀಟ್ರು), ಡ್ರಿಲ್ ಚಕ್ಕು, ಲೈವ್ ಸೆಂಟರ್ ಅಂತ ಕೈಯಿಂದ ಹೋಗ್ತಾನೇ ಇರತ್ತೆ, ಮಷೀನ್ ಬೆಲೆಯ ಕಾಲು ಭಾಗ ಎತ್ತಿಟ್ಟುಕೊಳ್ಳದೆ ಹೋಗಬೇಡಿ. ಕೋಟ್ ಕೇಳುವಾಗ 18 ಪರ್ಸೆಂಟ್ ಜಿಎಸ್‌ಟಿ ಸೇರಿದ್ಯಾ ಅಂತ ಕೇಳಿ, ಫೋನಲ್ಲಿ ಹೇಳೋ ರೇಟಲ್ಲಿ ಅದು ಇರಲ್ಲ.

ಇದರ ಮೇಲಿನ ಮೆಟ್ಟಿಲು 210 ಎಂಎಂ ಸ್ವಿಂಗ್, 38 ಎಂಎಂ ಬೋರ್ ಇರೋ ಬೆಂಚ್ ಲೇತ್. ಜಾಗ ಮಿನಿ ಲೇತ್‌ನಷ್ಟೇ ಅಲ್ಲದಿದ್ರೂ ಒಂದು ಗಟ್ಟಿ ಮೇಜು ಸಾಕು, ಆದ್ರೆ ಇಬ್ರು ಎತ್ತೋ ಕಥೆ ಅಲ್ಲ, ನಾಲ್ಕು ಜನ ಬೇಕು. 38 ಅಂದ್ರೆ 32ರ ಬಟ್ ಸಲೀಸಾಗಿ ಹಾದುಹೋಗತ್ತೆ, ರ‍್ಯಾಪ್ (ಹಿಡಿಕೆಯ ದಾರ ಅಥವಾ ಚರ್ಮ) ಸುತ್ತಿರೋ ಬಟ್ಟೂ ಹೋಗತ್ತೆ. ಪಿನ್ ಬದಲಾವಣೆ, ಕಾಲರ್, ಬಟ್ ಕ್ಯಾಪ್, ಸ್ನೂಕರ್ ಸ್ಟಿಕ್ಕಿಗೆ ಮಿನಿ ಬಟ್ (ಹಿಂದೆ ಸೇರಿಸೋ ಗಿಡ್ಡ ತುಂಡು) ಜಾಯಿಂಟ್ ಹಾಕೋದು, ಎಲ್ಲ ತೆರಕೊಳ್ಳತ್ತೆ. ಕಸುಬು ಮಾಡ್ಕೋತೀನಿ ಅನ್ನೋರಿಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ, ಮಿನಿ ಲೇತ್ ತಗೊಂಡು ಒಂದು ವರ್ಷದಲ್ಲಿ ಅರ್ಧ ಬೆಲೆಗೆ ಮಾರಿ ಇದನ್ನ ತಂದೋರನ್ನ ನೋಡಿದೀನಿ. ಒಂದೇ ಕೊರತೆ, ಇದರ ಮೂರು ಜಾ ಚಕ್ ದೊಡ್ಡದು, 9 ಎಂಎಂ ಸ್ನೂಕರ್ ತುದಿ ಹಿಡಿಯೋವಾಗ ಕೈಗೆ ಜಾ ತಾಗೋ ಹಾಗೆ ಹತ್ರ ಇರತ್ತೆ, ಮೈಯೆಲ್ಲ ಕಣ್ಣಾಗಿರಬೇಕು. ತೋಳು ಉದ್ದದ ಶರಟು, ಗ್ಲೌಸು, ಕೈಯಲ್ಲಿ ದಾರ, ಯಾವ್ದೂ ಬೇಡ.

ಇನ್ನು ಕ್ಯೂಗೇ ಅಂತ ಮಾಡಿರೋ ಲೇತ್‌ಗಳು, ಅಮೆರಿಕದ ಕ್ಯೂಸ್ಮಿತ್ ಥರದ್ದು. ಕೆಲಸಕ್ಕೆ ಇದಕ್ಕಿಂತ ಹಿತವಾದ್ದು ಇಲ್ಲ. ಹಗುರ ಬೆಡ್ಡು, ದೊಡ್ಡ ತೂತು, ಕಾಲೆಟ್ಟು, ಹಿಂದಿನ ಆಸರೆ, ಸ್ಟೆಡಿ ಎಲ್ಲ ಕ್ಯೂನೇ ಮನಸ್ಸಲ್ಲಿಟ್ಟು ಮಾಡಿರ್ತಾರೆ, ಹಾಕೋದು ತೆಗೆಯೋದು ನಿಮಿಷದ ಕೆಲಸ, ಒಂದೇ ದಿನ 20 ಟಿಪ್ ಹಾಕೋರಿಗೆ ಆ ಉಳಿದ ನಿಮಿಷಗಳೇ ಸಂಪಾದನೆ. ಆದ್ರೆ ಬೆಲೆ ಸಾವಿರಾರು ಡಾಲರ್, ಮೇಲೆ ಹಡಗಿನ ಬಾಡಿಗೆ, ಕಸ್ಟಮ್ಸ್, ಜಿಎಸ್‌ಟಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230, ಟ್ರಾನ್ಸ್‌ಫಾರ್ಮರ್ ಇಡಬೇಕು. ಅಲ್ಲಿ 60 ಹರ್ಟ್ಸ್, ಇಲ್ಲಿ 50, ಡಿಸಿ ಮೋಟ್ರಾದ್ರೆ ಚಿಂತೆ ಇಲ್ಲ, ಎಸಿ ಇಂಡಕ್ಷನ್ ಮೋಟ್ರಾದ್ರೆ ಸ್ಪೀಡ್ ಕಮ್ಮಿ ಆಗತ್ತೆ. ಒಂದು ಬೋರ್ಡ್ ಸುಟ್ಟರೆ ಸ್ಪೇರ್ ಬರೋವರೆಗೂ ಅಂಗಡಿ ಬಂದ್. ಅಮೆರಿಕದಲ್ಲೋ ಕೆನಡಾದಲ್ಲೋ ಇರೋ ಕನ್ನಡದವರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮಗೆ ಈ ತಾಪತ್ರಯ ಇಲ್ಲ, ಟಿಪ್ ಮತ್ತು ಫೆರೂಲ್ ಮಾಡೋ ಚಿಕ್ಕ ಮಾಡೆಲ್ ಹಳೇದು ಸಿಕ್ಕರೂ ಕಣ್ಣಿಗೆ ಒತ್ಕೊಂಡು ತಗೊಳ್ಳಿ.

ಕೊನೇದು ನಮ್ಮೂರ ಹಳೇ ಲೇತ್. ರಾಜ್‌ಕೋಟ್, ಬಟಾಲಾ ಕಡೆ ಮಾಡಿದ ನಾಲ್ಕೂವರೆ ಅಡಿ, ಆರಡಿ ಲೇತ್‌ಗಳು ಪೀಣ್ಯದಂಥ ಕಡೆ ವರ್ಕ್‌ಶಾಪ್ ಮುಚ್ಚುವಾಗ ಸೆಕೆಂಡ್ ಹ್ಯಾಂಡ್ ಸಿಗ್ತವೆ. ಎರಕದ ಕಬ್ಬಿಣ, ಮೈ ಭಾರ, ಬೋರ್ ದೊಡ್ಡದು, ಅಲುಗಾಡಲ್ಲ. ಅಡಿ ಲೆಕ್ಕ ಮಾತ್ರ ಬೆಡ್‌ನದು, ಸೆಂಟರ್ ಮಧ್ಯೆ ಸಿಗೋದು ಹತ್ರ ಹತ್ರ ಅರ್ಧ, ಹಂಗಾಗಿ 29 ಇಂಚಿನ ಬಟ್ ಮಧ್ಯೆ ಹಿಡೀಬೇಕಾದ್ರೆ ಆರಡಿದೇ ಬೇಕು. ತೊಂದರೆ ಏನಂದ್ರೆ ಮೂವತ್ತು ವರ್ಷ ಕಬ್ಬಿಣ ತಿಂದ ಮಷೀನ್ ಬೆಡ್ ಸವೆದಿರತ್ತೆ, ಅದೂ ಚಕ್ ಹತ್ರ, ನಮಗೆ ಬೇಕಾದ ಜಾಗದಲ್ಲೇ. ಸ್ಪೀಡ್ ಬದಲಾಯಿಸೋಕೆ ಬೆಲ್ಟ್ ಎತ್ತಿ ಹಾಕ್ಬೇಕು. ಮೋಟ್ರು ತ್ರೀ ಫೇಸ್ ಇದ್ರೆ ಮನೇಲಿ ಓಡಲ್ಲ, ವಿಎಫ್‌ಡಿ (ಮನೆ ಕರೆಂಟನ್ನ ತ್ರೀ ಫೇಸ್ ಮಾಡಿಕೊಡೋ ಡಬ್ಬಿ) ಹಾಕಿಸಬಹುದು, ಆಗ ಸ್ಪೀಡೂ ಕೈಗೆ ಸಿಗತ್ತೆ, ಆದ್ರೆ ಆ ಮೋಟ್ರಿನ ಕನೆಕ್ಷನ್ ಬದಲಾಯಿಸೋಕೆ ಬರತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ರ ಮೊದ್ಲು ತೋರಿಸಿ. ನೆಲ ಅಂತಸ್ತಿನ ಶೆಡ್ ಇದ್ದು, ಟರ್ನಿಂಗ್ ಗೊತ್ತಿರೋ ಸ್ನೇಹಿತ ಜೊತೆಗಿದ್ರೆ ದುಡ್ಡಿಗೆ ಇದಕ್ಕಿಂತ ಜಾಸ್ತಿ ಮಷೀನ್ ಸಿಗಲ್ಲ. ಎರಡನೇ ಮಹಡಿ ಫ್ಲ್ಯಾಟ್ ಆದ್ರೆ ಈ ಯೋಚನೆನೇ ಬೇಡ.

ಹಂಗಾದ್ರೆ ಯಾರಿಗೆ ಯಾವ್ದು? ಆಟಗಾರರೇ, ನಿಮಗೆ ಕೈ ಸಾಮಾನು ಸಾಕು, ಫೆರೂಲ್ ಒಡೆದಾಗ ಗೊತ್ತಿರೋರ ಹತ್ರ ಕೊಡಿ, ಆ ಲಕ್ಷದಲ್ಲಿ ಒಂದು ಒಳ್ಳೆ ಕ್ಯೂ ಬರತ್ತೆ. ಪಾರ್ಲರ್‌ನವರಿಗೆ ಮಿನಿ ಲೇತ್ ಸರಿ, ಹೌಸ್ ಕ್ಯೂಗೆ ಬರೋ ಕಾಯಿಲೆ ನೂರಕ್ಕೆ ತೊಂಬತ್ತು ಟಿಪ್ಪು, ಫೆರೂಲು, ಶಾಫ್ಟ್ ಕೊಳೆ, ಮೂರೂ ಅದರಲ್ಲಾಗತ್ತೆ, ಬಟ್ ಹೋದ್ರೆ ಹೌಸ್ ಕ್ಯೂ ರಿಪೇರಿ ಮಾಡೋಕಿಂತ ಹೊಸದು ತರೋದು ವಾಸಿ. ಕಸುಬಿಗೆ ಇಳಿಯೋರು 38 ಬೋರ್‌ಗೆ ದುಡ್ಡು ಕೂಡೋವರೆಗೂ ಆರು ತಿಂಗಳು ಕೈಯಲ್ಲೇ ಟಿಪ್ ಹಾಕ್ತಾ ಕಾಯಿರಿ. ಬಾಗಿದ ಸ್ಟಿಕ್ ನೇರ ಮಾಡೋಕೆ ಲೇತ್ ಬೇಕು ಅಂತ ಯಾರಾದ್ರೂ ಹೊರಟಿದ್ರೆ ಇಲ್ಲೇ ನಿಲ್ಲಿ, ಲೇತ್ ಬಾಗು ತೋರಿಸತ್ತೆ, ತೆಗೆಯಲ್ಲ. ಕಾರ್ಬನ್ ಶಾಫ್ಟ್‌ಗಳೂ ಈಗ ರಿಪೇರಿಗೆ ಬರ್ತಿವೆ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಕರೆಂಟನ್ನೂ ಹಾಯಿಸತ್ತೆ, ಮಾಸ್ಕ್ ಹಾಕಿ, ವ್ಯಾಕ್ಯೂಮ್ ಪಕ್ಕದಲ್ಲೇ ಓಡಿಸಿ, ಮೋಟ್ರಿನ ಬೋರ್ಡ್ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ.

ಅಂಗಡಿಗೆ ಹೋಗುವಾಗ ಆ ಅಳತೆ ಚೀಟಿ, ತೂತು, ದಪ್ಪ ಅಳೆಯೋ ಒಂದು ವರ್ನಿಯರ್, ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜು, ನಿಮ್ಮ ಹತ್ರ ಇರೋದ್ರಲ್ಲಿ ಅತಿ ನೇರವಾದ ಶಾಫ್ಟು ತಗೊಂಡು ಹೋಗಿ. ವರ್ನಿಯರ್ ಇಟ್ಟು ತೂತನ್ನ ನೀವೇ ಅಳೀರಿ, ಎರಡೂ ಕಡೆಯಿಂದ, ಹಿಂದೆ ಗೇರ್ ಕವರ್ ಅಡ್ಡ ಬರತ್ತಾ ಅಂತ ಶಾಫ್ಟ್ ತೂರಿಸಿ ನೋಡಿ. ಚಕ್ ತೆಗೆಸಿ ಸ್ಪಿಂಡಲ್‌ನ ಒಳಮೈಗೆ ಡಯಲ್ ಇಟ್ಟು ಕೈಯಲ್ಲಿ ತಿರುಗಿಸಿ, ಮುಳ್ಳು ಒಂದು ಗೆರೆಗಿಂತ ಅಂದ್ರೆ 0.01ಕ್ಕಿಂತ ಜಾಸ್ತಿ ಆಡಿದ್ರೆ ಬೇರೆ ಪೀಸ್ ತೋರಿಸಿ ಅನ್ನಿ, ಚಕ್ ಔಟ್ ಸರಿಮಾಡಬಹುದು, ಸ್ಪಿಂಡಲ್ ಔಟ್ ನಿಮ್ಮ ಕೈಲಾಗಲ್ಲ. ಆಮೇಲೆ ಅತಿ ಕಮ್ಮಿ ಸ್ಪೀಡಲ್ಲಿ ಹತ್ತು ನಿಮಿಷ ಓಡಿಸೋಕೆ ಹೇಳಿ, ಚಕ್ ಮೇಲೆ ಒಣ ಬಟ್ಟೆ ಮೆಲ್ಲಗೆ ಒತ್ತೋಕೆ ಯಾರಾದ್ರೂ ಬಂದ್ರೆ ಬೇಡ ಅನ್ನಿ, ಅದು ಬೆರಳು ಹೋಗೋ ಆಟ. ಬರೀ ಶಬ್ದ ಕೇಳಿ, ತಿರುಗುವಾಗ ತಡವರಿಸತ್ತಾ ನೋಡಿ, ನಿಲ್ಲಿಸಿದ ಮೇಲೆ ಬೇರಿಂಗ್ ಹತ್ರ ಕೈ ಇಟ್ಟು ಬಿಸಿ ಎಷ್ಟಿದೆ ನೋಡಿ. ಕೈ ಇಡೋಕಾಗದಷ್ಟು ಕಾದಿದ್ರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ.